ಕೆಂಪರಾಜುವಿನ ಭುಜದಲ್ಲಿ ಇಲ್ಲದ್ದು

ಪುಟ್ಟೇನಹಳ್ಳಿಯ ಕೆಂಪರಾಜುವಿಗೆ ಭುಜ ನೋವೇ ಇರಲಿಲ್ಲ. ಭಾನುವಾರ ಭಾಮೈದ ಬೈರಣ್ಣ ಮನೆ ಬದಲಿಸುವವನಿದ್ದ. ಅಜ್ಜಿ ಕಾಲದ ಒರಳುಕಲ್ಲನ್ನು ಅಳಿಯನೇ ಹೊತ್ತು ಹೊಸ ಮನೆಗೆ ತರಬೇಕೆಂಬುದು ಅವರ ಮನೆತನದ ಪದ್ಧತಿ. ಹೊಸ ಮನೆ ಸುಬ್ರಹ್ಮಣ್ಯಪುರದಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಾಗಾಗಿ ಕೆಂಪರಾಜು ವಾರದ ನಡುವಿನಿಂದಲೇ ಬಲಗೈ ಎತ್ತಿದಾಗಲೆಲ್ಲ "ಅಮ್ಮಾ" ಎನ್ನತೊಡಗಿದ್ದ.

ಹೆಂಡತಿ ಲಕ್ಷ್ಮಿದೇವಮ್ಮ ಬಿಡುವವಳಲ್ಲ, ಎಂಆರ್‌ಐ ಮಾಡಿಸಿಯೇಬಿಟ್ಟಳು. ಶನಿವಾರ ಬೆಳಿಗ್ಗೆ ರಿಪೋರ್ಟು ಮೊಬೈಲಿಗೆ ಬಂತು. ಇನ್ನು ಮಾನ ಹೋಯಿತೆಂದುಕೊಂಡೇ ಕೆಂಪರಾಜು ಅದನ್ನು ಇಂಗ್ಲಿಷ್ ಬಲ್ಲ ಬಾಡಿಗೆದಾರ ನರೇಂದ್ರನಿಗೆ ತೋರಿಸಿದ.

ಎರಡು ಸಾಲು ಓದುವಷ್ಟರಲ್ಲಿ ನರೇಂದ್ರನ ಮುಖ ಸಪ್ಪಗಾಯಿತು. "ಸಾರ್, ಭುಜದ ಬಟ್ಟಲಿನ ಸುತ್ತ ಒಂದು ಅಂಚು ಇರುತ್ತಂತೆ. ನಿಮಗೆ ಮುಂದ್ಗಡೆ ಅದಿಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಸಾರ್! ಪಕ್ಕದಲ್ಲಿ ಹಗ್ಗದ ಥರ ಏನೋ ದಪ್ಪಗಿದೆ ಬೇರೆ."

ಹೇಳಿದ ಸುಳ್ಳು ನಿಜವಾಗಿಬಿಟ್ಟಿತಲ್ಲ! ಕೆಂಪರಾಜು ಕುಕ್ಕರಿನ ಮುಚ್ಚಳದಂತೆ ಬೆವರಿದ.

"ಅಲ್ಲಾಡಿಸ್ಬೇಡ ಕೆಂಪರಾಜಣ್ಣ, ಉಳಿದಿರೋದೂ ಕಳಚ್ಕೊಂಡು ಬಿದ್ದೀತು!" ಎನ್ನುತ್ತ ಸುದ್ದಿ ಕೇಳಿದ ಎದುರುಮನೆ ರುದ್ರಮ್ಮ ಓಡಿಬಂದು ಎಣ್ಣೆ ಹಚ್ಚಿ, ಹಳೇ ಸೀರೆ ಹರಿದು ಅವನ ಕೈಯನ್ನು ಎದೆಗೆ ಕಟ್ಟಿದಳು. ಲಕ್ಷ್ಮಿದೇವಮ್ಮ ಕಣ್ಣೊರೆಸಿಕೊಳ್ಳುತ್ತಾ ಇಡ್ಲಿ ತಿನ್ನಿಸಿದಳು. "ಕಲ್ಲು ಹಾಳಾಗ್ಹೋಗ್ಲಿ ಭಾವ, ನೀವು ರೆಸ್ಟ್ ಮಾಡಿ" ಎಂದು ಬೈರಣ್ಣನ ಫೋನೂ ಬಂತು. ಬಯಸಿದ್ದೆಲ್ಲ ಸಿಕ್ಕಿತ್ತು, ಆದರೂ ಕೆಂಪರಾಜು ಎಡಗೈಯಿಂದ ಬಲಭುಜವನ್ನೇ ತಡವಿ ತಡವಿ ನೋಡಿಕೊಳ್ಳುತ್ತಿದ್ದ.

ಸಂಜೆ ಜಯನಗರದಲ್ಲಿ ಡಾಕ್ಟರ್ ಶಾಂತಲಾ ಸ್ಕ್ಯಾನ್ ನೋಡಿ ನಕ್ಕರು. "ಕೊನೇ ಸಾಲು ಓದ್ಲಿಲ್ವಾ? ನಾರ್ಮಲ್ ವೇರಿಯೆಂಟ್ ಅಂತಿದೆ. ನೂರಕ್ಕೆ ಒಬ್ರೋ ಇಬ್ರೋ ಹೀಗೇ ಹುಟ್ತಾರೆ, ಅಂಚಿನ ಬದ್ಲು ದಪ್ಪ ಹಗ್ಗ. ಅಂಚು ಹರಿದಿದೆ ಅನ್ಕೊಂಡು ಯಾರಾದ್ರೂ ಹೊಲಿಗೆ ಹಾಕಿದ್ರೆ ಮಾತ್ರ ಕೈ ಬಿಗಿದುಹೋಗ್ತಿತ್ತು."

"ಹಂಗಾದ್ರೆ ನಂಗೇನೂ ಆಗಿಲ್ವಾ ಮೇಡಂ?"

"ಏನೂ ಆಗಿಲ್ಲ."

ಕೆಂಪರಾಜುವಿಗೆ ಹೋದ ಜೀವ ಬಂದಂತಾಯಿತು. ಸೀರೆಯ ಕಟ್ಟು ಕಿತ್ತೆಸೆದು, ಗೋಡೆಯ ಮೇಲಿದ್ದ ವೆಂಕಟರಮಣನ ಪಟಕ್ಕೆ ಎರಡೂ ಕೈಯೆತ್ತಿ ತಲೆಯ ಮೇಲೆ ಜೋಡಿಸಿದ. "ಉಳಿಸ್ದೆಯಪ್ಪಾ!"

ಕೈ ಮೇಲಿದ್ದಂತೆಯೇ ಪಕ್ಕಕ್ಕೆ ನೋಡಿದ. ಲಕ್ಷ್ಮಿದೇವಮ್ಮ ಕಣ್ಣು ಮಿಟುಕಿಸದೆ ಅವನ ಬಲಗೈಯನ್ನೇ ನೋಡುತ್ತಿದ್ದಳು.

"ಅಮ್ಮಾ" ಎಂದ ಕೆಂಪರಾಜು, ತಡವಾಗಿ.

"ಮೇಡಂ, ಭಾರ ಎತ್ತಬಹುದಾ?" ಎಂದಳು ಅವಳು.

"ಧಾರಾಳವಾಗಿ."

ಹೊರಗೆ ಬರುತ್ತಲೇ ಲಕ್ಷ್ಮಿದೇವಮ್ಮ ಫೋನ್ ತೆಗೆದಳು. "ಬೈರಾ, ನಿಮ್ ಭಾವಂಗೆ ಭುಜದಲ್ಲಿ ಬೇರೆಯವ್ರಿಗಿಂತ ದಪ್ಪ ಹಗ್ಗ ಇದೆಯಂತೆ ಕಣೋ. ಕೂಲಿಯವರಿಗೆ ಬರ್ಬೇಡಿ ಅನ್ನು. ಒರಳುಕಲ್ಲಿನ ಜೊತೆ ಬೀರೂನೂ ಇವರೇ ಹೊರ್ತಾರೆ."