ಮಣಿಕಟ್ಟು ನೋಡಿ ಭವಿಷ್ಯ ಹೇಳುವ ಮೇಷ್ಟ್ರು

ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ. ಬನಶಂಕರಿಯ ಒಂದು ಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಮೇಷ್ಟ್ರು. ಪ್ರತಿ ಜೂನ್‌ನಲ್ಲೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮಣಿಕಟ್ಟು, ಭುಜ ಒಮ್ಮೆ ನೋಡಿ ಹಣೆಬರಹ ಬರೆದುಬಿಡುತ್ತೇನೆ: ದಪ್ಪಗಿದ್ದವರು ಎಸೆತಕ್ಕೆ, ಸಣಕಲರು ಓಟಕ್ಕೆ. ನನ್ನ ಮೇಷ್ಟ್ರೂ ನನ್ನ ಗಾತ್ರ ನೋಡಿಯೇ ಗುಂಡು ಎಸೆತಕ್ಕೆ ಹಾಕಿದ್ದರು. ಗುಂಡು ನನ್ನ ಕಾಲಿನ ಹೆಬ್ಬೆರಳ ಪಕ್ಕದಲ್ಲೇ ಬಿತ್ತು. ಅದರಿಂದ ನಾನು ಕಲಿತದ್ದು ಏನೂ ಇಲ್ಲ.

ಹತ್ತನೇ ತರಗತಿಯ ಶೈಲಾ ಮೂರು ವರ್ಷದಿಂದ ನನ್ನ ಪ್ರಾಣ ತಿನ್ನುತ್ತಿದ್ದಳು. "ಸಾರ್, ಜಾವೆಲಿನ್‌ಗೆ ನನ್ನ ಹೆಸರು ಕೊಡಿ ಸಾರ್." ಅಗರಬತ್ತಿಯಂಥ ಹುಡುಗಿ, ಕೈ ಬೇರೆ ಮೊಣಕಾಲಿನವರೆಗೆ. "ನೀನು ಈಟಿ ಎಸೀತೀಯೋ, ಈಟಿ ನಿನ್ನ ಎಸೆಯುತ್ತೋ? ಹೋಗಮ್ಮ, ರಿಲೇ ಓಡು" ಎನ್ನುತ್ತಿದ್ದೆ. ಈ ವರ್ಷ ನನ್ನ ಖಾಯಂ ಎಸೆತಗಾರ್ತಿ ಭೂಮಿಕಾ, "ಭುಜ ನೋವು, ನನ್ ಕೈಲಾಗಲ್ಲ ಸಾರ್" ಎಂದುಬಿಟ್ಟಳು. ಬೇರೆ ಗತಿಯಿಲ್ಲದೆ ಶೈಲಾಳ ಹೆಸರು ಬರೆದೆ. ಅವಳಿಗೆ ಶಾಲೆಯಲ್ಲಿ ಇದೇ ಕೊನೆಯ ವರ್ಷ, ಇದೇ ಮೊದಲ ಅವಕಾಶ.

ಜಯನಗರದ ಮೈದಾನದಲ್ಲಿ ಶಾಲೆಗಳ ಕ್ರೀಡಾಕೂಟ. ಮೂರು ಎಸೆತ, ಮೊದಲ ಸ್ಥಾನ ಬಂದವರು ಮಾತ್ರ ಜಿಲ್ಲಾ ಮಟ್ಟಕ್ಕೆ. ಮೊದಲ ಎಸೆತದಲ್ಲಿ ಈಟಿಯ ಬಾಲವೇ ಮುಂಚೆ ನೆಲ ಮುಟ್ಟಿತು. ಫೌಲ್. ಎರಡನೆಯದಕ್ಕೆ ಗೆರೆ ದಾಟಿದಳು. ಮತ್ತೆ ಫೌಲ್. ಬೇರೊಂದು ಶಾಲೆಯ ಮೇಷ್ಟ್ರು, "ಊಟ ಹಾಕಿ ಕರ್ಕೊಂಡ್ ಬರೋದಲ್ವಾ ಗುರುಗಳೇ?" ಎಂದು ನಕ್ಕರು. ಮೈ ಉರಿದುಹೋಯಿತು. ಮೂರು ವರ್ಷ ನಾನು ಆಡಿದ್ದೂ ಇದೇ ಮಾತು ತಾನೇ! ಶೈಲಾ ನನ್ನತ್ತ ತಿರುಗಿದಳು. "ಗೆರೆಗಿಂತ ಎರಡು ಹೆಜ್ಜೆ ಹಿಂದೇನೇ ಬಿಟ್ಬಿಡಮ್ಮ" ಎಂದೆ. ದೇವರೇ, ಇದೊಂದು ಸಲ ಎನ್ನುತ್ತಾ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ.

ಓಡಿದಳು. ಆ ಉದ್ದನೆಯ ಕೈ ಹಿಂದಕ್ಕೆ ಹೋಗಿ ಚಾಟಿಯಂತೆ ಮುಂದೆ ಬಂತು. ಈಟಿ ಏರಿತು, ಏರುತ್ತಲೇ ಹೋಯಿತು, ಕೊನೆಗೆ ಉಳಿದವರ ಗುರುತುಗಳನ್ನೆಲ್ಲ ದಾಟಿ ನೆಲಕ್ಕೆ ನಾಟಿಕೊಂಡಿತು. ಒಂದು ಕ್ಷಣ ಎಲ್ಲರೂ ಗೆರೆಯನ್ನೇ ನೋಡಿದೆವು. ಬಿಳಿ ಬಾವುಟ ಎದ್ದಿತು: ಎಸೆತ ಸರಿ.

ತೀರ್ಪುಗಾರರು ಬಂದು ಕೈ ಕುಲುಕಿದರು. "ಎಲ್ಲಿ ಹುಡುಕಿದ್ರಿ ಸಾರ್ ಇವಳನ್ನ?"

"ಕೈ ಉದ್ದ ನೋಡಿದ ತಕ್ಷಣ ಗೊತ್ತಾಗೋಯ್ತು ಸಾರ್. ಜಾವೆಲಿನ್‌ಗೆ ಇಂಥ ಮೈಕಟ್ಟೇ ಬೇಕು" ಎಂದೆ, ಒಂಚೂರೂ ನಾಚದೆ.

ಬೆನ್ನ ಹಿಂದೆಯೇ ಶೈಲಾ ನಿಂತಿದ್ದಳು. "ಹಾಗಾದ್ರೆ ಮೂರು ವರ್ಷ ಯಾಕ್ ಸಾರ್ ರಿಲೇ ಓಡ್ಸಿದ್ರಿ?"

ನಾನು ಜೋರಾಗಿ ಸೀಟಿ ಊದಿದೆ. ಯಾರಿಗೆ ಊದಿದೆ ಎಂದು ನನಗೂ ಗೊತ್ತಿರಲಿಲ್ಲ.