ದೊಡ್ಡಮ್ಮನಿಗೊಂದು ಸಿ.ಡಿ.

ಕೆಲವರಿಗೆ ಕಷ್ಟ ಬಂದ ಮೇಲೆ ಚಿಂತೆ ಬರುತ್ತದೆ. ನನ್ನಲ್ಲಿ ಚಿಂತೆ ಮೊದಲೇ ಬಂದು ಚಾಪೆ ಹಾಸಿ ಕೂತಿರುತ್ತದೆ. ಕಷ್ಟ ಆಮೇಲೆ ವಿಳಾಸ ಹುಡುಕಿಕೊಂಡು ಬರುತ್ತದೆ. ಮೂಡುಬಿದಿರೆಯಿಂದ ಬಂಟ್ವಾಳದ ಬಸ್ಸು ಹತ್ತಿದರೆ ಸಿದ್ಧಕಟ್ಟೆ ದಾಟುವುದರೊಳಗೆ, ಮನೆಗೆ ಬೀಗ ಹಾಕಿದೆಯೋ ಇಲ್ಲವೋ ಎಂದು ಕೇಳಲು ಹೆಂಡತಿಗೆ ಫೋನು ಮಾಡುತ್ತೇನೆ. ಅವಳು ಪಕ್ಕದ ಸೀಟಿನಲ್ಲೇ ಕುಳಿತಿರುತ್ತಾಳೆ ಎಂಬುದು ಬೇರೆ ಮಾತು.

ಇಂಥ ನನ್ನ ಕೊರಳಿಗೆ ಈಚೆಗೆ ಬಿದ್ದದ್ದು ಒಂದು ಸಿ.ಡಿ. ನರಿಕೊಂಬಿನಲ್ಲಿರುವ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಶುಕ್ರವಾರದ ಭಜನೆಯಲ್ಲಿ ಮುಂದೆ ಕೂತು ಹಾಡುವವರು. ಅವರ ಅಕ್ಕ ಕಕ್ಕಿಂಜೆಯಲ್ಲಿದ್ದಾರೆ, ನಮಗೆಲ್ಲ ದೊಡ್ಡಮ್ಮ. ಹಿಂದೆಲ್ಲ ಎರಡು ಬಸ್ಸು ಬದಲಿಸಿ ತಂಗಿಯ ಭಜನೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಸೊಂಟ ಮುರಿದ ಮೇಲೆ ಅದು ನಿಂತಿತು. ಕಣ್ಣು ಮಂಜಾದ್ದರಿಂದ ಮೊಬೈಲು ಒಗ್ಗುವುದಿಲ್ಲ. ಮಗ ಎಂದೋ ದುಬಾಯಿಯಿಂದ ತಂದ ಸಿ.ಡಿ. ಪ್ಲೇಯರಿನ ದೊಡ್ಡ ಗುಂಡಿ ಒಂದು ಮಾತ್ರ ಕೈಗೆ ಗುರುತು. "ಭಜನೆಗೆ ಬರ್ಲಿಕ್ಕೆ ಇನ್ನು ಆಗ್ಲಿಕ್ಕಿಲ್ಲ. ಅವಳ ಸ್ವರವನ್ನಾದ್ರೂ ಒಂದು ಸಿ.ಡಿ. ಮಾಡಿ ಕೊಡ್ತೀರಾ?" ಎಂದು ಹೇಳಿ ಕಳಿಸಿದರು. ಮನೆಯವರೆಲ್ಲ ಛಾವಣಿ ನೋಡಿದರು. ಯಾವ ಗ್ರಹಚಾರವೋ, ನಾನು "ಮಾಡ್ತೇನೆ" ಎಂದುಬಿಟ್ಟೆ.

ಮುಂದಿನ ಶುಕ್ರವಾರ ಹೋಗಿ ಅತ್ತೆಯ ಹಾಡುಗಳನ್ನು ಫೋನಿನಲ್ಲಿ ಹಿಡಿದು ತಂದೆ. ಇನ್ನು ಖಾಲಿ ಸಿ.ಡಿ. ಬೇಕಿತ್ತು. "ಉಂಟು ಸಾರ್," ಎಂದ ಅಂಗಡಿಯವ, "ಮಂಗನಿಗಾ, ಹಕ್ಕಿಗಾ?" ಈಗ ಜನ ಸಿ.ಡಿ. ಒಯ್ಯುವುದು ಮಂಗ, ಹಕ್ಕಿಗಳನ್ನು ಬೆದರಿಸಲು ತರಕಾರಿ ತೋಟದಲ್ಲಿ ನೇತುಹಾಕಲಿಕ್ಕಂತೆ. "ಹಾಡಿಗೆ" ಎಂದೆ. ಅವನು ಪೊಟ್ಟಣದ ಧೂಳನ್ನು ಕನಿಕರದಿಂದ ಒರೆಸಿ ಕೊಟ್ಟ.

ಮೊದಲನೆಯ ಸಿ.ಡಿ.ಯನ್ನು ನನ್ನ ಮುದಿ ಕಂಪ್ಯೂಟರು ಅರ್ಧ ಬರೆದು ಕೈಚೆಲ್ಲಿತು. ಬರೆಯುವ ವೇಗ ಕಡಿಮೆ ಮಾಡಬೇಕಂತೆ. ಮಾಡಿದೆ. ಸಾಲದ್ದಕ್ಕೆ ಫ್ಯಾನು ಆರಿಸಿ, ಅಡುಗೆಮನೆಗೆ ಹೋಗಿ, ಮಿಕ್ಸಿ ಹಾಕಬೇಡ ಎಂದು ಹೆಂಡತಿಗೆ ಹೇಳಿದೆ.

"ನಾನು ಚಟ್ನಿ ಕಡೆದರೆ ನಿಮ್ಮ ಸಿ.ಡಿ.ಗೆ ಏನಾಗ್ತದೆ ಮಾರಾಯ್ರೇ? ಬಾಣಂತಿಯಾ ಅದು?"

ಎರಡನೆಯದು ಸುಖವಾಗಿ ಮುಗಿಯಿತು. ಪರೀಕ್ಷೆಗೆಂದು ನಮ್ಮ ಮನೆಯ ಹಳೆಯ ಪ್ಲೇಯರಿಗೆ ಹಾಕಿದರೆ ಮೌನವ್ರತ. ಆಫೀಸಿನ ಕಡತ ತುಂಬಿದ ಹಾಗೆ ಫೈಲುಗಳನ್ನು ತುಂಬಿದ್ದೆ. ಹಳೆಯ ಪ್ಲೇಯರಿಗೆ ಅದು ತಿಳಿಯುವುದಿಲ್ಲ, ಆಡಿಯೋ ಸಿ.ಡಿ. ಎಂದೇ ಆರಿಸಿ ಬರೆಯಬೇಕು. ಹಾಗೆ ಬರೆದ ಮೂರನೆಯದು ಕಂಪ್ಯೂಟರಿನಲ್ಲಿ ಹಾಡಿತು, ಪ್ಲೇಯರಿನಲ್ಲಿ ಹಾಡಲೊಲ್ಲದು. ಬರೆದಾದ ಮೇಲೆ ಉಪ್ಪಿನಕಾಯಿ ಭರಣಿಯಂತೆ ಅದರ ಬಾಯಿ ಕಟ್ಟಬೇಕು, ಇನ್ನೇನೂ ಸೇರಿಸುವುದಿಲ್ಲ ಎಂದು ಒಪ್ಪಿ ಮುಚ್ಚಬೇಕು. ಇನ್ನೂ ಏನಾದರೂ ಸೇರಿಸಲಿಕ್ಕಿದ್ದರೆ ಎಂಬ ಚಿಂತೆಯಿಂದ ನಾನು ತೆರೆದೇ ಬಿಟ್ಟಿದ್ದೆ. ಸೋತವುಗಳನ್ನೆಲ್ಲ ಹೆಂಡತಿ ಬಸಳೆ ಚಪ್ಪರಕ್ಕೆ ಕಟ್ಟಿದಳು. ನಮ್ಮ ಬಸಳೆಯ ಹತ್ತಿರ ಈಗ ಒಂದು ಹಕ್ಕಿಯೂ ಸುಳಿಯುವುದಿಲ್ಲ.

ಕೊನೆಗೊಂದು ಹಾಡಿತು. ಪ್ರತಿ ಭಜನೆಯ ಮೊದಲ ಸಾಲು ಕೇಳಿ, ಸರಿ ಎಂದು ಮುಂದಕ್ಕೆ ಓಡಿಸಿ, ಭಾನುವಾರ ಅತ್ತೆಯನ್ನೂ ಕರೆದುಕೊಂಡು ಕಕ್ಕಿಂಜೆಗೆ ಹೋದೆವು. ದೊಡ್ಡಮ್ಮ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಪ್ಲೇಯರಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕಾಯುತ್ತಿದ್ದರು. ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಸಿ.ಡಿ. ಗರ್ರೆಂದು ತಿರುಗಿ ನಿಂತಿತು. "ಇರ್ಲಿ ಬಿಡಿ, ನನ್ನ ಯೋಗ," ಎಂದು ಬೆರಳು ತೆಗೆದರು. ನಾನು ಸಿ.ಡಿ. ಹೊರತೆಗೆದು ತಿರುಗಿಸಿದೆ. ಹೊಳೆಯುವ ಬದಿಯಲ್ಲಿ, ನಡುತೂತಿನ ಪಕ್ಕದಲ್ಲೇ, ದುಂಡಗೆ ಒಂದು ಗಂಧದ ಬೊಟ್ಟು!

"ಹೊಸ ವಸ್ತು ಅಲ್ವಾ? ಹೊರಡುವ ಮೊದಲು ದೇವರೆದುರು ಇಟ್ಟು ನಾನೇ ಹಚ್ಚಿದ್ದು," ಎಂದರು ಅತ್ತೆ.

"ಈ ಬದಿಗೆ ಯಾಕೆ ಅತ್ತೆ?"

"ಆ ಬದಿಯಲ್ಲಿ ನೀವು ದೇವರ ಹೆಸರು ಬರೆದಿದ್ದೀರಿ. ಅದನ್ನು ಮುಚ್ಚುವುದಾ?"

ಪ್ಲೇಯರು ಸಿ.ಡಿ.ಯನ್ನು ಓದಲು ಶುರುಮಾಡುವುದೇ ನಡುವಿನಿಂದ ಎಂದು ದೇವರಿಗೆ ಗೊತ್ತಿರಬಹುದು, ಅತ್ತೆಗೆ ಹೇಗೆ ಗೊತ್ತಿರಬೇಕು? ತೊಳೆದು, ಪಂಚೆಯ ಅಂಚಿನಿಂದ ಒಳಗಿನಿಂದ ಹೊರಕ್ಕೆ ಮೆಲ್ಲನೆ ಒರೆಸಿ ಹಾಕಿದೆ. ತಾಳ ಕೇಳಿತು. ಹಿಂದೆಯೇ ಅತ್ತೆಯ ಸ್ವರ. ದೊಡ್ಡಮ್ಮ ತಂಗಿಯ ಕೈ ಹಿಡಿದುಕೊಂಡರು. ಜನ್ಮದಲ್ಲೊಮ್ಮೆ ನಾನು ನಿಶ್ಚಿಂತನಾಗಿ ಗೋಡೆಗೆ ಒರಗಿದೆ.

ಆಗ ಭಜನೆಯ ನಡುವಿನಿಂದ ಇನ್ನೊಂದು ಸ್ವರ, ತಾಳಕ್ಕಿಂತ ಸ್ಪಷ್ಟವಾಗಿ, ಹೊರಬಂತು: "ಇದು ರೆಕಾರ್ಡ್ ಆಗ್ತಾ ಉಂಟಾ? ಆಗದಿದ್ದರೆ ಏನು ಮಾಡುವುದು? ಚಾರ್ಜ್ ಸಾಕಾಗ್ಲಿಕ್ಕಿಲ್ಲ..." ಅದರ ಬೆನ್ನಿಗೇ ನನ್ನ ಹೆಂಡತಿಯ ಪಿಸುಮಾತು: "ಬಾಯಿ ಮುಚ್ಚಿ ಮಾರಾಯ್ರೇ!" ಎರಡನೆಯ ಭಜನೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಮೊದಲ ಸಾಲು ಮಾತ್ರ ಕೇಳಿ ಪರೀಕ್ಷೆ ಮುಗಿಸಿದವನ ಮುಖ ಹೇಗಿದ್ದೀತು, ನೀವೇ ಊಹಿಸಿ. "ಬೇರೆ ಮಾಡಿ ತರ್ತೇನೆ ದೊಡ್ಡಮ್ಮ," ಎಂದು ಗುಂಡಿಗೆ ಕೈ ಹಾಕಿದೆ.

ದೊಡ್ಡಮ್ಮ ನನ್ನ ಕೈಗೆ ಪಟ್ಟೆಂದು ಹೊಡೆದರು. "ಮುಟ್ಬೇಡಿ! ಬರೀ ಹಾಡಾದ್ರೆ ಅದು ರೇಡಿಯೋ. ಭಜನೆ ಅಂದ ಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಗುಸುಗುಸು ಮಾಡುವವ ಬೇಕು. ಈಗ ನಾನು ಅಲ್ಲಿಗೇ ಬಂದು ಕೂತ ಹಾಗೆ ಆಯ್ತು."

ಹಾಗಾಗಿ ಈಗ ಕಕ್ಕಿಂಜೆಯಲ್ಲಿ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ನಾನು ತಪ್ಪದೆ ಚಿಂತಿಸುತ್ತೇನೆ, ದೊಡ್ಡಮ್ಮ ತಪ್ಪದೆ ನಗುತ್ತಾರಂತೆ. ನನ್ನ ಪಾಲಿನ ಚಿಂತೆಯನ್ನು ಒಂದು ಯಂತ್ರಕ್ಕಾದರೂ ವಹಿಸಿಕೊಟ್ಟೆನಲ್ಲ ಎಂದು ಸಮಾಧಾನಪಟ್ಟುಕೊಂಡದ್ದೂ ಉಂಟು. ಆದರೆ ಸಿ.ಡಿ.ಗೆ ಗೀರು ಬಿದ್ದು, ಅದು ನನ್ನ ಮಾತಿನ ಜಾಗದಲ್ಲೇ ಸಿಕ್ಕಿಹಾಕಿಕೊಂಡು, "ಏನು ಮಾಡುವುದು, ಏನು ಮಾಡುವುದು" ಎಂದು ಹೇಳುತ್ತಲೇ ಕೂತರೆ ಏನು ಮಾಡುವುದು?