ಹೊಟ್ಟಿನಡಿಯ ಹಳೇ ಹಿಮ

ಓಡ್ವಾರ್‌ನ ಗ್ರಹಚಾರ ಶುರುವಾದದ್ದು ಒಂದು ಬಕೆಟ್ ಹಿಮದಿಂದ. ಆ ಬಕೆಟ್ ತುಂಬಿಕೊಂಡವನು ಹೋಟೆಲಿನ ಅಸ್ಲಾಕ್. ತುಂಬಿಕೊಂಡದ್ದು ಜುಲೈ ತಿಂಗಳಲ್ಲಿ. ಸಂಗತಿ ಓಡ್ವಾರ್‌ಗೆ ಗೊತ್ತಾದದ್ದು ಮಾತ್ರ ಅಕ್ಟೋಬರ್ ಕೊನೆಯ ಶನಿವಾರ, ಬೆಳಿಗ್ಗೆ ಏಳು ಗಂಟೆಗೆ. ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸ್ಕೀ ಸಂಘದ ಪರೀಕ್ಷಕರು ಬರುವವರಿದ್ದರು.

ಗ್ರೋನುಟ್ ನಾರ್ವೆಯ ಒಂದು ಬೆಟ್ಟದೂರು. ಅಲ್ಲಿರುವುದು ಒಂದು ಚರ್ಚು, ಒಂದು ಹೋಟೆಲು, ಒಂದು ಸ್ಕೀ ಲಿಫ್ಟು ಮತ್ತು ಇನ್ನೂರ ಹನ್ನೊಂದು ಮಂದಿ ಸಲಹೆಗಾರರು. ಕೆಲಸ ಮಾಡುವವನೂ ಒಬ್ಬನಿದ್ದ, ಅವನೇ ಓಡ್ವಾರ್. ಇಪ್ಪತ್ತೆರಡು ಚಳಿಗಾಲಗಳಿಂದ ಅವನು ಲಿಫ್ಟಿನ ಹಂಗಾಮಿ ನೌಕರ. ಹಿಮ ಬಿದ್ದಾಗ ಕರೆಯುವುದು, ಹಿಮ ಕರಗಿದಾಗ ಕೈಕುಲುಕಿ ಕಳಿಸುವುದು. ಪ್ರತಿ ಏಪ್ರಿಲ್‌ನಲ್ಲೂ ಮನೆಗೆ ಬಂದ ಗಂಡನನ್ನು ಹೆಂಡತಿ ತೂರಿಡ್ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಿದ್ದಳು. ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಎಂದು ಓಡ್ವಾರ್‌ಗೆ ಅನ್ನಿಸುತ್ತಿತ್ತು.

ಈ ವರ್ಷ ಅವನ ಅದೃಷ್ಟ ಕಣ್ಣು ಬಿಡುವ ಹಾಗೆ ಕಾಣುತ್ತಿತ್ತು. ಕಣಿವೆಯ ಆಚೆ ಬದಿಯ ಲೌವ್ಲಿ ಊರಿಗೂ ಗ್ರೋನುಟ್ಟಿಗೂ ವರ್ಷಾ ವರ್ಷ ಜಿದ್ದು. ಯಾರು ಮೊದಲು ಸ್ಕೀ ಇಳಿಜಾರು ತೆರೆಯುತ್ತಾರೋ ಅವರಲ್ಲಿಗೆ ಸಂಘದ ತಂಡ ಅಭ್ಯಾಸಕ್ಕೆ ಬರುತ್ತದೆ, ಕ್ರಿಸ್‌ಮಸ್‌ವರೆಗೂ ಊರಿನ ಕೋಣೆಗಳೆಲ್ಲ ಭರ್ತಿ. ಲೌವ್ಲಿಯವರು ಭಾನುವಾರ ತೆರೆಯುವುದಾಗಿ ಸಾರಿದ್ದರು. ಗ್ರೋನುಟ್ ಲಿಫ್ಟಿನ ಯಜಮಾನಿ ಗುನ್ವೋರ್ ಓಡ್ವಾರ್‌ನನ್ನು ಕರೆದು ಹೇಳಿದ್ದಳು, "ಶನಿವಾರ ನಾವು ತೆರೆದ್ರೆ ನಿನ್ನ ಕೆಲಸ ಖಾಯಂ ಕಣಯ್ಯಾ. ಹನ್ನೆರಡು ತಿಂಗಳೂ ಸಂಬಳ. ನನ್ನ ಮಾತು ಅಂದ್ರೆ ಮಾತು."

ಅಕ್ಟೋಬರ್‌ನಲ್ಲಿ ಗ್ರೋನುಟ್ಟಿನಲ್ಲಿ ಬೀಳುವುದು ಬರೀ ಮಳೆ. ಅದಕ್ಕೇ ಏಪ್ರಿಲ್‌ನಲ್ಲಿ ಉಳಿದ ಹಿಮವನ್ನೆಲ್ಲ ಗುಡ್ಡೆ ಹಾಕಿ, ಮೇಲೆ ಮೊಣಕಾಲುದ್ದ ಮರದ ಹೊಟ್ಟು ಹರಡಿ ಮುಚ್ಚಿಡುವುದು ಪದ್ಧತಿ. ಬೇಸಿಗೆಯ ಬಿಸಿಲು ತಲೆಕೆಳಗಾಗಿ ನಿಂತರೂ ಒಳಗಿನ ಹಿಮ ಮುಕ್ಕಾಲು ಪಾಲು ಹಾಗೇ ಉಳಿಯುತ್ತದೆ. ಅಕ್ಟೋಬರ್‌ನಲ್ಲಿ ಹೊಟ್ಟು ಸರಿಸಿ, ಹಳೇ ಹಿಮವನ್ನೇ ಇಳಿಜಾರಿಗೆ ಹಾಸಿ, ಹೊಸ ಹಂಗಾಮು ಬಂತೆಂದು ಊರೆಲ್ಲ ಹೇಳಿಕೊಂಡು ಬರುವುದು. ಸೂರ್ಯನಿಂದ ಹಿಮವನ್ನು ಕಾಪಾಡುವ ವಿದ್ಯೆ ಗ್ರೋನುಟ್ಟಿನವರಿಗೆ ಕರಗತವಾಗಿತ್ತು. ಗ್ರೋನುಟ್ಟಿನವರಿಂದ ಕಾಪಾಡುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ.

ಓಡ್ವಾರ್ ಟ್ರ್ಯಾಕ್ಟರಿನಲ್ಲಿ ಕೂತು ಹೊಟ್ಟು ಸರಿಸಿದ. ಮೊದಲ ಸಲಕ್ಕೆ ಹಿಮ ಬಂತು. ಎರಡನೇ ಸಲಕ್ಕೆ ಒಂದು ಹುಲ್ಲಿನ ಪೆಂಡಿ ಬಂತು. ಮೂರನೇ ಸಲಕ್ಕೆ ಎರಡು ಪೆಂಡಿ. ನಾಲ್ಕನೇ ಸಲಕ್ಕೆ ಒಂದು ಸೋಫಾ. ಓಡ್ವಾರ್ ಟ್ರ್ಯಾಕ್ಟರ್ ನಿಲ್ಲಿಸಿ ಕೆಳಗಿಳಿದು ಆ ಸೋಫಾದ ಮೇಲೇ ಕುಸಿದು ಕೂತ. ಚರ್ಚಿನಷ್ಟೆತ್ತರದ ಗುಡ್ಡೆಯಲ್ಲಿ ಅರ್ಧಕ್ಕರ್ಧ ಹುಲ್ಲು ತುಂಬಿತ್ತು.

ಹೋಟೆಲಿನ ಅಸ್ಲಾಕ್ ಕೈಯಲ್ಲಿ ಕಾಫಿ ಹಿಡಿದು ಆ ಕಡೆ ಬಂದವನು, ಸೋಫಾ ನೋಡಿ ವಾಪಸು ಹೊರಟ.

"ನಿಲ್ಲೋ!" ಓಡ್ವಾರ್ ಕೂಗಿದ. "ಹಿಮ ಎಲ್ಲೋ ಹೋಯ್ತು?"

"ನನ್ನನ್ಯಾಕೆ ಕೇಳ್ತೀಯ? ನಾನು ತಗೊಂಡಿದ್ದು ಒಂದೇ ಬಕೆಟ್ಟು. ಮದುವೆ ಊಟದ ಮೀನು ತಣ್ಣಗಿಡೋಕೆ."

"ಒಂದೇ ಬಕೆಟ್ಟಾ?"

"ಒಂದು ಸಲಕ್ಕೆ ಒಂದೇ."

"ಎಷ್ಟು ಸಲ?"

ಅಸ್ಲಾಕ್ ಆಕಾಶ ನೋಡಿದ. "ಈ ಬೇಸಿಗೇಲಿ ಮದುವೆಗಳು ಸ್ವಲ್ಪ ಜಾಸ್ತಿ ಇತ್ತಪ್ಪ."

ಅಷ್ಟರಲ್ಲಿ ಗುಡ್ಡೆಯ ಪಕ್ಕದ ಮನೆಯ ದಾಗ್ನಿ ಅಜ್ಜಿ ಕೋಲೂರಿಕೊಂಡು ಬಂದಳು. ಯಾರೂ ಕೇಳದಿದ್ದರೂ ಶುರು ಮಾಡಿದಳು. "ನಾನು ಕದ್ದಿಲ್ಲಪ್ಪ. ಮಂಡಿನೋವಿಗೆ ತಣ್ಣನೆ ಪಟ್ಟಿ ಹಾಕಿ ಅಂತ ಡಾಕ್ಟ್ರೇ ಹೇಳಿದ್ದು."

"ಮಂಡಿಗೆ ಎಷ್ಟು ಹಿಮ ಬೇಕಾಗುತ್ತೆ ಅಜ್ಜಿ?"

"ನನಗೆ ಎರಡು ಮಂಡಿ ಇದೆಯಲ್ಲಪ್ಪಾ!"

ಹೀಗೇ ಒಬ್ಬೊಬ್ಬರಾಗಿ ಬಂದು ತಪ್ಪೊಪ್ಪಿಕೊಂಡರು. ಪಾದ್ರಿಗಳು ಭಾನುವಾರದ ಶಾಲೆಯ ಮಕ್ಕಳಿಗೆ ಆಡಲು ಕೊಟ್ಟಿದ್ದರು. ಹಾಲಿನ ಡೇರಿಯವರ ತಣ್ಣಗಿಡುವ ಯಂತ್ರ ಕೆಟ್ಟಿತ್ತು. ಬೇಟೆಗಾರರು ಕಡವೆ ಮಾಂಸಕ್ಕೆಂದು ಎರಡು ಗಾಡಿ ತುಂಬಿದ್ದರು. ಆದರೆ ಗ್ರೋನುಟ್ಟಿನವರು ಸಂಸ್ಕಾರವಂತರು. ಹಿಮ ತೆಗೆದ ಜಾಗವನ್ನು ಹಾಗೇ ಬಿಟ್ಟರೆ ಗುಡ್ಡೆ ಕುಸಿದು ಓಡ್ವಾರ್‌ಗೆ ಬೇಜಾರಾದೀತೆಂದು ಪ್ರತಿಯೊಬ್ಬರೂ ಅಲ್ಲೊಂದು ಹುಲ್ಲಿನ ಪೆಂಡಿ ಇಟ್ಟು, ಮೇಲೆ ಹೊಟ್ಟು ಮುಚ್ಚಿ, ನೆಮ್ಮದಿಯಿಂದ ಮನೆಗೆ ಹೋಗಿದ್ದರು. ಸೋಫಾ ಯಾರದೆಂದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಫೋನು ಬಡಿದುಕೊಂಡಿತು. ಗುನ್ವೋರ್.

"ಪರೀಕ್ಷಕರನ್ನ ಕರಕೊಂಡು ಬರೋಕೆ ಸ್ಟೇಷನ್ನಿಗೆ ಹೊರಟೆ. ಹಿಮ ಹೇಗಿದೆ?"

ಓಡ್ವಾರ್ ಕಾಲಡಿಯ ಹುಲ್ಲು ನೋಡಿದ. "ಸ್ವಲ್ಪ... ಒಣಗಿದ ಹಾಗಿದೆ."

"ಒಣ ಹಿಮ ಇದ್ರೆ ಇನ್ನೂ ಒಳ್ಳೇದು!" ಎಂದು ಗುನ್ವೋರ್ ಫೋನಿಟ್ಟಳು.

ಓಡ್ವಾರ್ ತಲೆಯ ಮೇಲೆ ಕೈಹೊತ್ತು ಕೂತ. ಇಪ್ಪತ್ತೆರಡು ವರ್ಷ ಕಾದದ್ದು ಈ ಹುಲ್ಲಿಗಾಗಿಯೇ ಎಂದು ಟೋಪಿಯಿಂದ ಮೂಗೊರೆಸಿಕೊಂಡ. ಅದನ್ನು ಕಂಡು ದಾಗ್ನಿ ಅಜ್ಜಿಗೆ ಕರುಳು ಚುರುಕ್ಕೆಂದಿತು. ಕೋಲೆತ್ತಿ ಕೂಗಿದಳು, "ಅಳಬೇಡ್ವೋ! ದುಗ್ನಾದ್ ಮಾಡೋಣ!"

ದುಗ್ನಾದ್ ಎಂದರೆ ಊರವರೆಲ್ಲ ಸೇರಿ ಪುಕ್ಕಟೆಯಾಗಿ ಮಾಡುವ ಕೆಲಸ. ಆ ಮಾತು ಒಬ್ಬರ ಬಾಯಿಂದ ಬಿತ್ತೆಂದರೆ ಮುಗಿಯಿತು. ಚರ್ಚಿಗೆ ಬಾರದವನನ್ನು ಊರು ಕ್ಷಮಿಸೀತು, ಹೆಂಡತಿಯನ್ನು ಬಿಟ್ಟವನ ಜೊತೆಗೂ ಕಾಫಿ ಕುಡಿದೀತು, ದುಗ್ನಾದಿಗೆ ಬಾರದವನ ಹೆಸರನ್ನು ಮಾತ್ರ ಮೂರು ತಲೆಮಾರು ಮರೆಯುವುದಿಲ್ಲ. ಎಂಟೂವರೆಯ ಹೊತ್ತಿಗೆ ಅರವತ್ತು ಜನ ಬಂದರು. ಹದಿನೈದು ಸಲಿಕೆಗಳು ಬಂದವು, ಮೂವತ್ತು ಕಾಫಿ ಫ್ಲಾಸ್ಕುಗಳು ಬಂದವು, ವಾಫೆಲ್ ಎಂಬ ಸಿಹಿ ದೋಸೆ ಹುಯ್ಯುವ ನಾಲ್ಕು ಕಾವಲಿಗಳು ಬಂದವು. ಒಬ್ಬ ಹಿಮ ಎತ್ತಿದರೆ ಮೂವರು ಸಲಿಕೆ ಹಿಡಿಯುವ ಕ್ರಮ ಹೇಳಿಕೊಟ್ಟರು. ಮೂವರು ಹೇಳಿಕೊಟ್ಟದ್ದು ತಪ್ಪೆಂದು ಇನ್ನಿಬ್ಬರು ಸೋಫಾದ ಮೇಲೆ ಕೂತು ತೀರ್ಪು ಕೊಟ್ಟರು.

"ಮೇಲಿಂದ ಹಾಸ್ಕೊಂಡು ಬನ್ನಿ," ಎಂದ ಅಸ್ಲಾಕ್.

"ಕೆಳಗಿಂದ ಶುರು ಮಾಡಬೇಕು. ನಮ್ಮಪ್ಪನ ಕಾಲದಿಂದ ಹಾಗೇ," ಎಂದರು ಪಾದ್ರಿಗಳು.

"ನಿಮ್ಮಪ್ಪನ ಕಾಲದಲ್ಲಿ ಹಿಮ ಆಕಾಶದಿಂದ ಬೀಳ್ತಿತ್ತು," ಎಂದಳು ದಾಗ್ನಿ ಅಜ್ಜಿ.

ಕೊನೆಗೆ ಎರಡು ಪಂಗಡವಾಗಿ ಒಂದು ಮೇಲಿನಿಂದಲೂ ಒಂದು ಕೆಳಗಿನಿಂದಲೂ ಹಾಸಿಕೊಂಡು ಬಂದವು. ಹನ್ನೊಂದೂವರೆಗೆ ನಡುವಿನ ತಿರುವಿನಲ್ಲಿ ಎರಡೂ ಕೂಡಿದವು. ಬೆಟ್ಟದ ತುದಿಯಿಂದ ಬುಡದವರೆಗೆ, ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಅಗಲದ ಒಂದು ಬಿಳಿ ಪಟ್ಟಿ ಸಿದ್ಧವಾಯಿತು. ಹಸಿರು ಬೆಟ್ಟಕ್ಕೆ ಯಾರೋ ಬ್ಯಾಂಡೇಜು ಸುತ್ತಿದ ಹಾಗಿತ್ತು. ಸ್ಕೀ ಎರಡನ್ನೂ ಜೋಡಿಸಿಕೊಂಡು, ಉಸಿರು ಬಿಗಿಹಿಡಿದು, ಅತ್ತಿತ್ತ ನೋಡದೆ ಬಂದರೆ ಇಳಿಯಬಹುದಾಗಿತ್ತು. ನಿಯಮ ಕೇಳುವುದೂ ಅಷ್ಟನ್ನೇ. ಪರೀಕ್ಷಕರು ಹುಲ್ಲು ಮುಟ್ಟದೆ ತುದಿಯಿಂದ ಬುಡಕ್ಕೆ ಒಮ್ಮೆ ಇಳಿದರೆ ಇಳಿಜಾರು ತೆರೆದ ಲೆಕ್ಕ. ಓಡ್ವಾರ್‌ಗೆ ಹೋದ ಜೀವ ಬಂದ ಹಾಗಾಯಿತು.

ಹನ್ನೆರಡಕ್ಕೆ ಗುನ್ವೋರ್‌ಳ ಕಾರು ಬಂತು. ಪರೀಕ್ಷಕ ಐಲಿಫ್ ಇಳಿದರು. ಅರವತ್ತು ವರ್ಷ, ಬಿಳಿ ಮೀಸೆ, ಗಂಭೀರ ಮುಖ. ಕಾರಿನ ಹಿಂಬಾಗಿಲು ತೆಗೆದು ಅವರು ಹೊರಗೆಳೆದದ್ದು ಮಾತ್ರ ಸ್ಕೀಗಳನ್ನಲ್ಲ, ಕೇಸರಿ ಬಣ್ಣದ ಒಂದು ಸ್ನೋಬೋರ್ಡನ್ನು.

"ಅರವತ್ತು ತುಂಬಿತು ಅಂತ ಮಗಳು ಕೊಟ್ಟಿದ್ದು," ಎಂದು ಅವರು ನಾಚಿಕೊಂಡರು. "ಮೂರು ಪಾಠ ಆಗಿದೆ. ಈ ವರ್ಷದ ಪರೀಕ್ಷೆಯೆಲ್ಲ ಇದರ ಮೇಲೇ."

ಓಡ್ವಾರ್ ಬಿಳಿ ಪಟ್ಟಿಯ ಅಗಲ ನೋಡಿದ. ಸ್ನೋಬೋರ್ಡಿನವರು ವೇಗ ತಗ್ಗಿಸಬೇಕಾದರೆ ಹಲಗೆಯನ್ನು ಅಡ್ಡ ತಿರುಗಿಸಿ ಹಿಮವನ್ನು ಕೆರೆಯುತ್ತಾರೆ. ಮೂರು ಪಾಠ ಕಲಿತವರು ಅದನ್ನೇ ಮೇಲಿಂದ ಕೆಳಗಿನತನಕ ಮಾಡುತ್ತಾರೆ. ಉಳಿದ ಕಡೆ ಹೇಗೋ ಆದೀತು, ಆ ನಡುವಿನ ತಿರುವಿನಲ್ಲಿ ಈ ಮುದುಕ ನೇರವಾಗಿ ಹುಲ್ಲಿಗೇ ಹೋಗುವುದು ಖಂಡಿತ. ಗುಡ್ಡೆಯಲ್ಲಿ ಇನ್ನೊಂದು ಹಿಡಿ ಹಿಮವೂ ಇರಲಿಲ್ಲ. ಐಲಿಫ್ ಆಗಲೇ ಲಿಫ್ಟಿನ ಕೋಲು ಹಿಡಿದುಕೊಂಡು ಹೊರಟಾಗಿತ್ತು, ಗುನ್ವೋರ್ ಯಂತ್ರದ ಕೋಣೆಯಲ್ಲಿ ಲಿಫ್ಟು ನಡೆಸುತ್ತಿದ್ದಳು. ಲಿಫ್ಟು ಹಳೆಯದು, ಮೇಲೆ ಮುಟ್ಟಲು ಹದಿನಾಲ್ಕು ನಿಮಿಷ.

"ಅಸ್ಲಾಕ್, ನಿಮ್ಮನೆ ಫ್ರೀಜರ್‌ನಲ್ಲಿ ಏನಿದೆ?" ಓಡ್ವಾರ್ ಪಿಸುಗುಟ್ಟಿದ.

"ಅಯ್ಯೋ, ನೀನು ಅದಕ್ಕೂ ಕಣ್ಣು ಹಾಕ್ತೀಯಾ?"

"ನನ್ನ ಹಿಮಾನೇ ಕಣೋ ಅದು! ತಗೊಂಬಾ!"

ಗ್ರೋನುಟ್ಟಿನ ಇತಿಹಾಸದಲ್ಲಿ ಜನ ಅಷ್ಟು ಜೋರಾಗಿ ಓಡಿದ್ದಿಲ್ಲ. ಕೈಗಾಡಿಗಳಲ್ಲಿ, ಮಗುವಿನ ತಳ್ಳುಗಾಡಿಯಲ್ಲಿ, ಪಾದ್ರಿಗಳ ಕಾರಿನಲ್ಲಿ ಊರಿನ ಫ್ರೀಜರುಗಳೆಲ್ಲ ತಿರುವಿಗೆ ಬಂದು ಬರಿದಾದವು. ಹಿಮದ ಜೊತೆ ಕೆಂಪು ಬೆರ್ರಿ ಹಣ್ಣು, ಬಟಾಣಿ, ಸಾಲ್ಮನ್ ತುಂಡು, ಕಡವೆಯ ಒಂದು ತೊಡೆ, ಹೋದ ಕ್ರಿಸ್‌ಮಸ್ಸಿನ ಅರ್ಧ ಕೇಕು ಎಲ್ಲವೂ ಬಿದ್ದವು. ಅಸ್ಲಾಕ್ ಮೀನುಗಳನ್ನು ಆರಿಸಿಕೊಳ್ಳಲು ಬಗ್ಗಿದ್ದ. ಮೇಲಿಂದ ಕಿರುಚಾಟ ಕೇಳಿಸಿತು. ಅವನು ಪಕ್ಕಕ್ಕೆ ಹಾರಿಕೊಂಡ.

ಐಲಿಫ್ ಬರುತ್ತಿದ್ದರು. ಎರಡೂ ಕೈ ಚಾಚಿ, ಕಣ್ಣು ಮುಚ್ಚಿ, ಒಣಗಲು ಹಾಕಿದ ಅಂಗಿಯಂತೆ ಬರುತ್ತಿದ್ದರು. ತಿರುವಿಗೆ ಬಂದವರೇ ಹಲಗೆ ಅಡ್ಡ ತಿರುಗಿಸಿದರು. ಬಟಾಣಿ, ಬೆರ್ರಿ ಎಲ್ಲ ಓಕುಳಿಯಂತೆ ಮೇಲೆ ಚಿಮ್ಮಿತು. ಹಲಗೆ ಕಡವೆಯ ತೊಡೆಗೆ ತಾಗಿ, ಅವರನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಮತ್ತೆ ಬಿಳಿ ಪಟ್ಟಿಯ ಮೇಲೇ ಕೂರಿಸಿತು. ಉಳಿದ ದಾರಿಯನ್ನು ಅವರು ಕುಂಡಿಯ ಮೇಲೆ ಮುಗಿಸಿದರು. ಹುಲ್ಲು ಮಾತ್ರ ಮುಟ್ಟಲಿಲ್ಲ.

"ಇಂಥ ಇಳಿಜಾರು ನಾನು ನೋಡೇ ಇಲ್ಲ," ಎಂದರು ಐಲಿಫ್ ಏದುಸಿರು ಬಿಡುತ್ತ. ಮೀಸೆಯಲ್ಲಿ ಒಂದು ಬಟಾಣಿ ಕೂತಿತ್ತು. "ಹಿಮಕ್ಕೆ ಮೀನಿನ ವಾಸನೆ ಯಾಕಿದೆ?"

"ಸಮುದ್ರದ ಕಡೆಯ ಗಾಳಿ," ಎಂದ ಓಡ್ವಾರ್. ಸಮುದ್ರ ಅಲ್ಲಿಂದ ನಾಲ್ಕು ಗಂಟೆಯ ದಾರಿ.

ಐಲಿಫ್ ಎದ್ದು ಗುಡ್ಡೆಯ ಕಡೆ ನಡೆದರು. ಹುಲ್ಲಿನ ಪೆಂಡಿಗಳನ್ನು ನೋಡಿದರು. ಸೋಫಾವನ್ನು ಸುತ್ತು ಹಾಕಿ ನೋಡಿದರು. ಅವರ ಮುಖ ಗಂಟಿಕ್ಕಿತು.

"ಸಂಗ್ರಹಿಸಿದ ಹಿಮಕ್ಕೆ ಒಬ್ಬ ಜವಾಬ್ದಾರ ಇರಬೇಕಲ್ಲ. ಯಾರದು?"

ಅರವತ್ತು ಜನರೂ ತಮ್ಮ ತಮ್ಮ ಕಾಫಿ ಲೋಟದೊಳಗೆ ಇಣುಕಿದರು. ಓಡ್ವಾರ್ ಲೆಕ್ಕ ಹಾಕಿದ. ನಾನೇ ಎಂದರೆ ಹುಲ್ಲೂ ತನ್ನದು, ಸೋಫಾವೂ ತನ್ನದು, ಖಾಯಂ ನೌಕರಿ ಇನ್ಯಾರದೋ. ಇವರೆಲ್ಲ ಕದ್ದರು ಎಂದರೆ ನಾಳೆಯಿಂದ ಈ ಊರಿನಲ್ಲಿ ಬದುಕುವುದು ಹೇಗೆ? ಅಷ್ಟರಲ್ಲಿ ಅವನ ತಲೆಯಲ್ಲೊಂದು ಮಿಂಚು ಹೊಳೆಯಿತು.

"ಇಂಥವರೇ ಅಂತ ಒಬ್ಬರಿಲ್ಲ," ಎಂದ. "ಇದೆಲ್ಲ ದುಗ್ನಾದ್. ಗುಡ್ಡೆ ಹಾಕಿದ್ದೂ ಊರವರೇ, ಬೇಸಿಗೆ ಪೂರ್ತಿ ನೋಡಿಕೊಂಡಿದ್ದೂ ಊರವರೇ. ಪ್ರತಿ ಮನೆಯವರೂ ವಾರಕ್ಕೆ ಒಂದು ಸಲನಾದ್ರೂ ಗುಡ್ಡೆ ಹತ್ರ ಬಂದು ಹೋಗ್ತಿದ್ರು."

ಕೊನೆಯ ಮಾತಂತೂ ಸುಳ್ಳಾಗಿರಲಿಲ್ಲ.

"ಹುಲ್ಲು?"

"ಅವರೇ ತಂದಿದ್ದು. ಮನೆಯಿಂದ. ಯಾರೂ ಹೇಳದೇನೆ."

"ಬಿಸಿಲಿಗೆ ಅಡ್ಡ ಇರಲಿ ಅಂತ," ಎಂದಳು ದಾಗ್ನಿ ಅಜ್ಜಿ. ಒಂದೇ ನಿಮಿಷದಲ್ಲಿ ಅರವತ್ತು ಜನಕ್ಕೂ ತಾವು ಬೇಸಿಗೆಯಿಡೀ ಹಿಮ ಕಾದದ್ದು ನೆನಪಾಗಿ ಹೃದಯ ತುಂಬಿಬಂತು. ಪಾದ್ರಿಗಳು ಕಣ್ಣೊರೆಸಿಕೊಂಡರು.

ಐಲಿಫ್ ಕೂಡ ಕನ್ನಡಕ ತೆಗೆದರು. "ಮೂವತ್ತು ವರ್ಷದಿಂದ ತಿರುಗ್ತಾ ಇದ್ದೀನಿ. ಇಂಥ ಊರು ಇನ್ನೂ ಉಳಿದಿದೆ ಅಂತ ಗೊತ್ತಿರಲಿಲ್ಲ." ಕಾಗದ ತೆಗೆದು ಬರೆದರು, ಸಹಿ ಹಾಕಿದರು. ಗ್ರೋನುಟ್ ತೆರೆದಿತ್ತು, ಲೌವ್ಲಿಗಿಂತ ಒಂದು ದಿನ ಮೊದಲು. ಜನ ಟೋಪಿ ಹಾರಿಸಿದರು. ಓಡ್ವಾರ್ ತೂರಿಡ್‌ಗೆ ಫೋನು ಮಾಡಲು ಜೇಬಿಗೆ ಕೈ ಹಾಕಿದ.

ಗುನ್ವೋರ್ ಓಡಿಬಂದು ಅವನನ್ನು ಬಾಚಿ ತಬ್ಬಿಕೊಂಡಳು. "ಓಡ್ವಾರ್, ಎಂಥ ಒಳ್ಳೇ ಮಾತು ಹೇಳಿದೆಯೋ! ನಾನೊಬ್ಬಳು ದಡ್ಡಿ. ಈ ಕೆಲಸಕ್ಕೆ ಸಂಬಳ ಕೊಟ್ಟು ಜನ ಇಡಬೇಕು ಅಂದ್ಕೊಂಡಿದ್ದೆ."

ಓಡ್ವಾರ್‌ನ ಕೈ ಜೇಬಿನಲ್ಲೇ ನಿಂತಿತು.

"ವರದಿಯಲ್ಲಿ ಹಾಗೇ ಬರೆದಿದ್ದೀನಿ," ಎಂದರು ಐಲಿಫ್. "ಇಲ್ಲಿ ಸಂಬಳದವರು ಒಬ್ಬರೂ ಇಲ್ಲ, ಎಲ್ಲಾ ದುಗ್ನಾದ್ ಅಂತ. ಮುಂದಿನ ವರ್ಷವೂ ಹೀಗೇ ನಡೆದರೆ ತಂಡ ನೇರವಾಗಿ ಇಲ್ಲಿಗೇ ಬರುತ್ತೆ, ಪರೀಕ್ಷೆ ಕೂಡ ಬೇಡ."

"ನಡೆಯುತ್ತೆ, ನಡೆಯುತ್ತೆ!" ಎಂದಳು ಗುನ್ವೋರ್. "ಚಳಿಗಾಲದ ಲಿಫ್ಟೂ ದುಗ್ನಾದ್ ಮಾಡ್ಬಿಡೋಣ. ಆದ್ರೆ ಮುಂದೆ ನಿಂತು ನೋಡ್ಕೊಳ್ಳೋಕೆ ಒಬ್ಬ ಮುಖಂಡ ಬೇಕು. ವರ್ಷ ಪೂರ್ತಿ."

"ನಮ್ಮ ಓಡ್ವಾರ್!" ಎಂದು ದಾಗ್ನಿ ಅಜ್ಜಿ ಕೋಲೆತ್ತಿದಳು. ಅರವತ್ತು ಕೈಗಳು ಮೇಲೆದ್ದವು. ಕೆಲವರು ಎರಡೆರಡು ಎತ್ತಿದರು.

"ಸಂಬಳ...?" ಎಂದ ಓಡ್ವಾರ್.

ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು. ಕಾವಲಿಯ ಮೇಲೆ ವಾಫೆಲ್ ಸೀಯತೊಡಗಿತು. ದಾಗ್ನಿ ಅಜ್ಜಿ ನಿಧಾನವಾಗಿ ಕೋಲು ಇಳಿಸಿದಳು. "ದುಗ್ನಾದ್‌ಗೆ ಸಂಬಳ ಕೇಳ್ತಿದ್ದಾನಾ ಇವನು?"

ಓಡ್ವಾರ್ ಸುತ್ತ ನೋಡಿದ. ಅರವತ್ತು ಜೊತೆ ಕಣ್ಣುಗಳು, ಮೂರು ತಲೆಮಾರು ಮರೆಯದ ಕಣ್ಣುಗಳು, ಅವನನ್ನೇ ನೋಡುತ್ತಿದ್ದವು. ಅವನಿಗೆ ನಿಜವಾಗಿಯೂ ಅಳು ಬಂತು.

"ತಮಾಷೆಗೆ ಅಂದೆ," ಎಂದ.

ಬೆಟ್ಟವೆಲ್ಲ ನಗೆಯಲ್ಲಿ ತೇಲಿತು. ಗುನ್ವೋರ್ ಅವನ ಕೈಗೊಂದು ವಾಫೆಲ್ ಕೊಟ್ಟಳು. ಅಸ್ಲಾಕ್ ಬಂದು ಹೆಗಲ ಮೇಲೆ ಕೈಹಾಕಿ, ಯಾರಿಗೂ ಕೇಳಿಸದ ಹಾಗೆ ಕಿವಿಯಲ್ಲಿ ಹೇಳಿದ, "ಬರೋ ಬೇಸಿಗೇಲಿ ಮಾತ್ರ ಗುಡ್ಡೆ ಸರಿಯಾಗಿ ಕಾಯಬೇಕು ನೋಡು, ಮುಖಂಡ. ಈ ಊರಿನ ಜನ ಸರಿಯಿಲ್ಲ."